ಹಬ್ಬದ ದಿನ ಮಕ್ಕಳು ಕಲಿಯುವ ಪಾಠ

(ಮಸ್ಕಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಸಣ್ಣ ಮಕ್ಕಳೊಂದಿಗೆ ಹಬ್ಬ’ ಎಂಬ ವಿಷಯ ಇಟ್ಟುಕೊಂಡು ಮಾತಾಡುತ್ತೇನೆ ಎಂದಾಗ ನಿಮ್ಮಲ್ಲೇ ಒಬ್ಬರು, “ಮೇಡಂ, ನಾವು ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಕೇಳಾಕ ಬಂದೀವಿ, ಹಬ್ಬದ ಮಾತು ಯಾಕ್ರಿ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದೇ ಇವತ್ತಿನ ನನ್ನ ಮಾತು.

ಮಗು ಶಾಲೆಗೆ ಹೋಗುವ ಮೊದಲೇ ಹಬ್ಬ ನೋಡುತ್ತದೆ. ಮೂರು ವರ್ಷದ ಕೂಸಿಗೆ ಅಕ್ಷರ ಗೊತ್ತಿಲ್ಲ. ಆದರೆ ಹೋಳಿಗೆಯ ಮೊದಲ ಎಡೆ ಯಾರಿಗೆ ಹೋಯಿತು, ಕಡೆಗೆ ಉಂಡವರು ಯಾರು, ಅಪ್ಪ ಕುಡಿದು ಬಂದಾಗ ಅವ್ವ ಯಾಕೆ ಸುಮ್ಮನಾದಳು, ಆರತಿ ತಟ್ಟೆ ಹಿಡಿದ ಸಾಲಿನಲ್ಲಿ ಆಯಿ ಯಾಕೆ ನಿಲ್ಲಲಿಲ್ಲ, ಇವೆಲ್ಲ ಅದರ ಕಣ್ಣಿಗೆ ಬೀಳುತ್ತವೆ. ದಿನನಿತ್ಯದ ಸಂಗತಿಯನ್ನು ಮಗು ಮರೆಯಬಹುದು, ಹಬ್ಬದ ದಿನವನ್ನು ಮರೆಯುವುದಿಲ್ಲ. ಹೆಣ್ಣಿನ ಬೆಲೆ ಎಷ್ಟು ಎಂಬ ಪಾಠವನ್ನು ನಮ್ಮ ಮಕ್ಕಳು ಮೊದಲು ಕಲಿಯುವುದು ಇಲ್ಲಿಯೇ.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಹಾಗಾಗಿ ಮಸ್ಕಿಗೆ ಬಂದು ಅಶೋಕನ ಹೆಸರು ತೆಗೆಯದೆ ಇರಲಾರೆ. ಇಲ್ಲಿನ ಗುಡ್ಡದ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ರಾಜನ ಹೆಸರು ಇರಲಿಲ್ಲ. ಆ ಬಿರುದಿನ ರಾಜ ಅಶೋಕನೇ ಎಂದು ಖಚಿತವಾದದ್ದು ನಿಮ್ಮೂರಿನ ಬಂಡೆಯಿಂದ. ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಎತ್ತರಕ್ಕೆ ಏರಬಹುದು ಎಂಬುದು ಆ ಶಾಸನದ ಸಾರ.

ಅದೇ ಅಶೋಕ ತನ್ನ ಒಂಬತ್ತನೇ ಬಂಡೆಶಾಸನದಲ್ಲಿ ಹಬ್ಬ-ಆಚರಣೆಗಳ ಬಗ್ಗೆಯೂ ಮಾತಾಡಿದ್ದಾನೆ. ಕಾಯಿಲೆ ಬಂದಾಗ, ಮಕ್ಕಳ ಮದುವೆಯಲ್ಲಿ, ಕೂಸು ಹುಟ್ಟಿದಾಗ, ಪಯಣ ಹೊರಟಾಗ ಜನ ಏನೇನೋ ಶಾಸ್ತ್ರ ಮಾಡುತ್ತಾರೆ, ಅದರಲ್ಲೂ ಹೆಂಗಸರು ಹುರುಳಿಲ್ಲದ ಶಾಸ್ತ್ರಗಳನ್ನು ಬಹಳ ಮಾಡುತ್ತಾರೆ ಎಂಬುದು ಅವನ ದೂರು. ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಜೀವಿಗಳನ್ನು ನೋಯಿಸದಿರುವುದು ನಿಜವಾದ ಆಚರಣೆ ಎಂಬುದು ಅವನ ನಿಲುವು. ಎರಡನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮೊದಲನೇ ಮಾತಿಗೆ ತಕರಾರಿದೆ. ಹೆಂಗಸರ ಆಚರಣೆಗಳೆಲ್ಲ ಹುರುಳಿಲ್ಲದವಲ್ಲ. ಹೊಲ, ಮಳೆ, ಮಣ್ಣು, ದನಕರು, ತವರು ಇವನ್ನು ಮಕ್ಕಳಿಗೆ ಪರಿಚಯಿಸಿದವರು ನಮ್ಮ ಅವ್ವಂದಿರು. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾವೇ ಕೂತು ಆರಿಸಬೇಕು.

ನಮ್ಮ ಭಾಗದ ವರ್ಷವನ್ನು ನೆನಪಿಸಿಕೊಳ್ಳಿ. ಕಾರ ಹುಣ್ಣಿಮೆಗೆ ಎತ್ತು ತೊಳೆದು, ಬಣ್ಣ ಹಚ್ಚಿ, ಕರಿ ಹರಿಯುತ್ತೇವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ, ಹಳ್ಳದ ಮಣ್ಣು ತಂದು ಮಕ್ಕಳು ಎತ್ತು ಮಾಡುತ್ತಾರೆ. ಅಲ್ಲಿಂದ ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಗುಲಗಂಜಿ ಅಂಟಿಸಿ, ಹೂವು ಮುಡಿಸಿ, ಕಡೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೋ ಗುಡ್ಡಕ್ಕೋ ಹೋಗುವ ಹಬ್ಬ ಅದು. ಮೊಹರಂಗೆ ಮುದಗಲ್ಲಿನಲ್ಲಿ ಯಾವ ಜಾತಿ, ಯಾವ ಧರ್ಮದ ಮಕ್ಕಳೆಂದು ಯಾರೂ ಕೇಳುವುದಿಲ್ಲ. ದಸರೆಗೆ ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕಾರ ಮಾಡುತ್ತೇವೆ. ಎಳ್ಳಮಾವಾಸ್ಯೆಗೆ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ.

ಇವುಗಳಿಗೆ ದೊಡ್ಡ ಖರ್ಚಿಲ್ಲ. ಮಣ್ಣು ಪುಕ್ಕಟೆ, ಬನ್ನಿ ಪುಕ್ಕಟೆ. ಟಿವಿ, ಮೊಬೈಲು ಬಿಟ್ಟು ಮಗು ಕೈ ಕೆಸರು ಮಾಡಿಕೊಳ್ಳುವ ದಿನಗಳು ಇವು. ಆದರೆ ಒಂದು ಮಾತು ಗಮನಿಸಿ. ಎತ್ತು ಗಂಡುಮಕ್ಕಳಿಗೆ, ಗುಳ್ಳವ್ವ ಹೆಣ್ಣುಮಕ್ಕಳಿಗೆ ಎಂದು ಯಾಕೆ ಹಂಚಬೇಕು? ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರು, ನಮ್ಮ ಕಡೆ ಹತ್ತಿ ಬಿಡಿಸುವವರು ಹೆಣ್ಣುಮಕ್ಕಳೇ ಅಲ್ಲವೇ? ಮಗಳೂ ಎತ್ತು ಮಾಡಲಿ, ಮಗನೂ ಗುಳ್ಳವ್ವನಿಗೆ ಹೂವು ತರಲಿ. ಚರಗ ಚೆಲ್ಲಲು ಹೊಲವೇ ಇಲ್ಲದ ಕೂಲಿ ಅಕ್ಕಂದಿರ ಮಕ್ಕಳನ್ನು ನಿಮ್ಮ ಹೊಲಕ್ಕೆ ಕರೆದು, ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿ. ಇದನ್ನು ನೋಡಿದ ಮಗುವಿಗೆ ಸಮಾನತೆಯ ಬಗ್ಗೆ ಬೇರೆ ಪಾಠ ಬೇಕಿಲ್ಲ.

ಈಗ ಪಂಚಮಿಗೆ ಬರೋಣ. ಇದು ನಮ್ಮ ಹೆಣ್ಣುಮಕ್ಕಳ ಹಬ್ಬ, ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಹಬ್ಬ. ರೊಟ್ಟಿ ಪಂಚಮಿಗೆ ಮನೆಯಿಂದ ಮನೆಗೆ ರೊಟ್ಟಿ-ಪಲ್ಯದ ತಟ್ಟೆ ಓಡಾಡುತ್ತದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಾರೆ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು, ಅಳ್ಳು ಎಲ್ಲ ಇರುತ್ತವೆ. ವರ್ಷವಿಡೀ ಅತ್ತೆಮನೆಯಲ್ಲಿ ದುಡಿದ ಹುಡುಗಿ ನಾಲ್ಕು ದಿನ ಜೋಕಾಲಿಯಲ್ಲಿ ಕೂತು ನಗುವ ಕಾಲ ಅದು.

ಆ ನಗುವಿನ ಜೊತೆಗೇ ಲೆಕ್ಕವೂ ಶುರುವಾಗುತ್ತದೆ. ಮಗಳು ವಾಪಸು ಹೋಗುವಾಗ ಬುಟ್ಟಿಯಲ್ಲಿ ಉಂಡಿ ಎಷ್ಟು? ಅತ್ತೆಗೆ ಸೀರೆ ಯಾವುದು? ಮೊದಲ ದೀಪಾವಳಿಗೆ ಅಳಿಯನಿಗೆ ಉಂಗುರವೋ, ಗಾಡಿಯೋ? ಕುಬಸಕ್ಕೆ ಎಷ್ಟು ಜನಕ್ಕೆ ಆಯೇರಿ? ತೊಟ್ಟಿಲಿಗೆ ಹಾಕಿದ ಕೂಸಿಗೆ ಬೆಳ್ಳಿ ಉಡದಾರ ತಂದರೋ ಇಲ್ಲವೋ? ಮದುವೆ ದಿನ ಎಣಿಸಿದ ರೊಕ್ಕ ವರದಕ್ಷಿಣೆಯ ಮೊದಲ ಕಂತು. ಉಳಿದ ಕಂತುಗಳು ಹಬ್ಬದ ಹೆಸರು ಹೊತ್ತು ಬರುತ್ತವೆ. ಅದಕ್ಕೆ ‘ರೂಢಿ’, ‘ಪದ್ಧತಿ’, ‘ಮರ್ಯಾದೆ’ ಎಂಬ ಹೆಸರಿಟ್ಟ ಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತದೆ.

ಅಣ್ಣ ಪ್ರೀತಿಯಿಂದ ತಂಗಿಗೆ ಉಡಿಸಿದ ಸೀರೆಯನ್ನು ನಾನು ತಪ್ಪು ಎನ್ನುವುದಿಲ್ಲ. ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಪ್ರೀತಿಯ ಉಡುಗೊರೆ ಕೊಡದಿದ್ದರೆ ಮುನಿಸಾಗಬಹುದು, ಅಷ್ಟೇ. ವರದಕ್ಷಿಣೆ ಕೊಡದಿದ್ದರೆ ಹುಡುಗಿಯ ಮೈಮೇಲೆ ಬಾಸುಂಡೆ ಏಳುತ್ತದೆ.

ಕಾನೂನು ಇದನ್ನು ಗುರುತಿಸಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1984 ಮತ್ತು 1986ರಲ್ಲಿ ತಿದ್ದುಪಡಿಯಾದ ಮೇಲೆ, ಮದುವೆಗೆ ಸಂಬಂಧಿಸಿ ಮದುವೆಗೆ ಮೊದಲು, ಮದುವೆಯ ಹೊತ್ತಿಗೆ ಅಥವಾ ಮದುವೆಯ ನಂತರ ಯಾವಾಗ ಕೊಟ್ಟರೂ ಅದು ವರದಕ್ಷಿಣೆಯೇ. ಕೊಡುವುದು, ತೆಗೆದುಕೊಳ್ಳುವುದು ಮಾತ್ರವಲ್ಲ, ಬರೀ ಕೇಳುವುದೂ ಅಪರಾಧ. ಆಸ್ತಿಗಾಗಿ, ಒಡವೆಗಾಗಿ ಹೆಂಡತಿಯನ್ನು ಪೀಡಿಸುವುದು ಮೊದಲು ದಂಡಸಂಹಿತೆಯ 498ಎ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಮೂರು ವರ್ಷದವರೆಗೆ ಸಜೆ ಆಗಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತದ ಜೊತೆಗೆ ಚುಚ್ಚುಮಾತು, ರೊಕ್ಕ ಕಿತ್ತುಕೊಳ್ಳುವುದು, ವರದಕ್ಷಿಣೆಗಾಗಿ ಕಾಡುವುದು ಎಲ್ಲವೂ ಹಿಂಸೆಯೇ. ಕಾಡುವವರು ‘ಹಬ್ಬದ ಪದ್ಧತಿ’ ಎಂದು ಹೇಳಿದರೆ ಕಾಟ ಹೋಗಿ ಹಬ್ಬ ಆಗುವುದಿಲ್ಲ.

ಇಷ್ಟೆಲ್ಲ ನಡೆಯುವಾಗ ಮಕ್ಕಳು ಎಲ್ಲಿರುತ್ತಾರೆ? ಅಲ್ಲೇ ಬಾಗಿಲ ಹಿಂದೆ ಕೊಬ್ಬರಿ ಬಟ್ಟಲು ಹಿಡಿದು ನಿಂತಿರುತ್ತಾರೆ. ತವರಿನಿಂದ ಬಂದ ಬುಟ್ಟಿ ಬಿಚ್ಚಿ ಆಯಿ ಮೂಗು ಮುರಿಯುವುದನ್ನು, ಅಪ್ಪ ತಟ್ಟೆ ಒದೆಯುವುದನ್ನು, ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಲೆ ಮುಂದೆ ಕೂರುವುದನ್ನು ನೋಡುತ್ತಾರೆ. ಇದನ್ನು ನೋಡಿದ ಐದು ವರ್ಷದ ಹುಡುಗ, ಹೆಂಡತಿ ಎಂದರೆ ಬುಟ್ಟಿ ಹೊತ್ತು ತರುವವಳು, ತರದಿದ್ದರೆ ಹೊಡೆಸಿಕೊಳ್ಳುವವಳು ಎಂದು ತಿಳಿಯುತ್ತಾನೆ. ಐದು ವರ್ಷದ ಹುಡುಗಿ, ತನ್ನಿಂದ ಅಪ್ಪನಿಗೆ ಖರ್ಚು ಎಂದು ತಿಳಿಯುತ್ತಾಳೆ. ನಾವು ಮುಂದೆ ಎಷ್ಟು ಭಾಷಣ ಮಾಡಿದರೂ ಆ ಪಾಠವನ್ನು ಅಳಿಸುವುದು ಕಷ್ಟ.

ಪಂಚಮಿಯಲ್ಲೇ ಇನ್ನೊಂದು ಪಾಠವೂ ಅಡಗಿದೆ. ಹಾಲೆರೆಯುವಾಗ ನಾವು ಏನನ್ನುತ್ತೇವೆ? ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಎರೆಯುತ್ತೇವೆ. ಮಕ್ಕಳಿಗೆ ಅದು ಬಹಳ ಇಷ್ಟ, ಯಾರನ್ನೂ ಬಿಡದೆ ಹೆಸರು ಹೇಳುತ್ತಾರೆ. ಹಾಲಿನಲ್ಲಿ ಎಲ್ಲರಿಗೂ ಪಾಲು ಕೊಡುವ ನಮ್ಮ ಮನೆಗಳಲ್ಲಿ ಹೊಲದ ಪಾಲು ಬಂದಾಗ ಮಗಳ ಹೆಸರು ಯಾಕೆ ಬಾಯಿಗೆ ಬರುವುದಿಲ್ಲ? ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಜಾರಿಗೆ ಬಂದು, ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕು ಕೊಟ್ಟಿತು. ತಂದೆ 2005ರಲ್ಲಿ ಬದುಕಿರಬೇಕಿತ್ತು ಎಂಬ ಷರತ್ತಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. “ವರದಕ್ಷಿಣೆ ಕೊಟ್ಟೀವಲ್ಲ, ಮತ್ತೆಂಥ ಪಾಲು?” ಎನ್ನುವವರಿಗೆ ಉತ್ತರ ಇದು: ವರದಕ್ಷಿಣೆ ಅತ್ತೆಮನೆಗೆ ಹೋಗುತ್ತದೆ, ಪಾಲು ಮಗಳ ಹೆಸರಿನಲ್ಲಿ ಉಳಿಯುತ್ತದೆ. ಹೊಡೆತ ತಿಂದು ಹೊರಬಿದ್ದ ದಿನ ಕೈ ಹಿಡಿಯುವುದು ಪಾಲೇ.

ಹಾವಿಗೆ ಹಾಲೆರೆಯುವ ಬದಲು ಮಕ್ಕಳಿಗೆ ಹಾಲು ಕುಡಿಸುವ ಪಂಚಮಿಯನ್ನು ನಮ್ಮ ರಾಜ್ಯದ ಹಲವು ಸಂಘಟನೆಗಳು ನಡೆಸುತ್ತ ಬಂದಿವೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಕಪ್ಪೆ, ಇಲಿ ತಿನ್ನುವಂಥದ್ದು. ಹುತ್ತಕ್ಕೆ ಎರಡು ಹನಿ ಹಾಕಿ ಉಳಿದ ಹಾಲನ್ನು ಓಣಿಯ ಮಕ್ಕಳಿಗೆ ಕೊಡಿ. ಆಗಲೂ ಹೆಸರು ಹಿಡಿದೇ ಕೊಡಿ: ಇದು ನಿನ್ನ ಪಾಲು, ಇದು ನಿನ್ನ ತಂಗಿಯ ಪಾಲು, ಇಬ್ಬರಿಗೂ ಒಂದೇ ಅಳತೆ.

ಸಂಘ ಏನು ಮಾಡಬಹುದು? ನಾಲ್ಕು ಸಲಹೆ ಕೊಡುತ್ತೇನೆ. ಒಪ್ಪುವುದು, ಬಿಡುವುದು ನಿಮ್ಮದು.

ಒಂದು, ಸಂಘದ ಸಾಲದ ಪುಸ್ತಕದಲ್ಲಿ ‘ಹಬ್ಬದ ಖರ್ಚು’ ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ಮಕ್ಕಳ ಬಟ್ಟೆ, ಊಟಕ್ಕೆ ಎಷ್ಟು, ಬೀಗರ ಮನೆಗೆ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ವರ್ಷದ ಕೊನೆಗೆ ಎರಡನ್ನೂ ಕೂಡಿ ಓದಿ. ವಾರವಾರ ಹೊಟ್ಟೆ ಕಟ್ಟಿ ಉಳಿಸಿದ ರೊಕ್ಕ ಯಾರ ಮನೆ ತುಂಬಿಸಿತು ಎಂದು ಆಗ ಗೊತ್ತಾಗುತ್ತದೆ. ಬೀಗರು ಕೇಳಿದ್ದಕ್ಕೆ ಸಾಲ ಕೊಡುವುದಿಲ್ಲ ಎಂದು ಸಂಘ ಠರಾವು ಮಾಡಿದರೆ, “ಸಂಘದಾಗ ಕೊಡಂಗಿಲ್ಲ ಅಂತಾರ” ಎಂದು ಹೇಳಲು ಬಡ ತಾಯಿಗೆ ಒಂದು ಆಸರೆ ಸಿಗುತ್ತದೆ.

ಎರಡು, ಪಂಚಮಿಗೆ ಬಂದ ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ. “ಆರಾಮ ಇದ್ದೀಯಾ?” ಎಂದು ಎಲ್ಲರೆದುರು ಕೇಳಿದರೆ “ಹೂಂ” ಎಂದೇ ಹೇಳುತ್ತಾಳೆ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಬೆನ್ನು ನೋಡಿ. ಅವಳ ಮಕ್ಕಳು ಗಂಡಸರ ದನಿ ಏರಿದರೆ ಬೆಚ್ಚುತ್ತವೆಯೇ, ನಿದ್ದೆಯಲ್ಲಿ ಅಳುತ್ತವೆಯೇ ನೋಡಿ. ಗಾಯ ಕಂಡರೆ, “ಹಬ್ಬ ಮುಗೀತು, ಹೊಂದಿಕೊಂಡು ಹೋಗು” ಎಂದು ಬಸ್ಸು ಹತ್ತಿಸಬೇಡಿ. ‘ಸತ್ತರೂ ಅಲ್ಲೇ ಸಾಯಿ’ ಎಂದ ತವರುಗಳಿಂದ ಎಷ್ಟು ಹೆಣ್ಣುಮಕ್ಕಳು ಹೆಣವಾಗಿ ಹೋಗಿದ್ದಾರೆ! ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಮೂರು ನಂಬರುಗಳನ್ನು ಉಂಡಿ ಡಬ್ಬಿಯ ಮುಚ್ಚಳದ ಒಳಗೆ ಬರೆದು ಕಳಿಸಿ.

ಮೂರು, ಗಂಡ ಸತ್ತವಳನ್ನು, ಗಂಡ ಬಿಟ್ಟವಳನ್ನು ಆರತಿಯಿಂದ ಹೊರಗಿಡಬೇಡಿ. ಸಂಘದ ಹಬ್ಬದಲ್ಲಿ ಮೊದಲ ಆರತಿ ಅವಳೇ ಎತ್ತಲಿ, ಮಕ್ಕಳು ನೋಡಲಿ. ರೊಟ್ಟಿ ಪಂಚಮಿಯ ತಟ್ಟೆ ಇದುವರೆಗೆ ಯಾವ ಕೇರಿಗೆ ಹೋಗಿಲ್ಲವೋ ಆ ಕೇರಿಗೂ ಹೋಗಲಿ, ಅಲ್ಲಿಂದಲೂ ಬರಲಿ.

ನಾಲ್ಕು, ಹಬ್ಬದ ಕೆಲಸ ಹಂಚಿ. ಮಗ ಶೇಂಗಾ ಹುರಿಯಲಿ, ಉಂಡಿ ಕಟ್ಟಲಿ. ಮಗಳು ಜೋಕಾಲಿಯ ಹಗ್ಗ ಕಟ್ಟಲಿ. ಎಲ್ಲರೂ ಒಟ್ಟಿಗೆ ಉಣ್ಣಿ. ಹಬ್ಬದ ದಿನ ಕುಡಿದು ಬಂದವನಿಗೆ ಮಕ್ಕಳೆದುರು ಕೈ ಎತ್ತುವ ಧೈರ್ಯ ಬರದಂತೆ, ಓಣಿಯ ಹೆಂಗಸರೆಲ್ಲ ಒಂದೇ ಅಂಗಳದಲ್ಲಿ ಹಬ್ಬ ಮಾಡಿ. ಹತ್ತು ಜನ ಹೆಂಗಸರು ಕೂತ ಕಡೆ ಕೈ ಎತ್ತುವ ಗಂಡಸರು ಕಡಿಮೆ.

ಹೊಸ ಸೀರೆ ಉಟ್ಟು ಒಳಗೆ ಅಳುವ ಅವ್ವನಿಗಿಂತ, ಹಳೇ ಸೀರೆಯಲ್ಲಿ ಜೋಕಾಲಿ ಜೀಕುವ ಅವ್ವನನ್ನು ಮಕ್ಕಳು ನೋಡಲಿ. ಅಂಥ ಹಬ್ಬ ನೋಡಿ ಬೆಳೆದ ಹುಡುಗ ಮುಂದೆ ಹೆಣ್ಣು ನೋಡಲು ಹೋದಾಗ ‘ಎಷ್ಟು ಕೊಡ್ತೀರಿ?’ ಎಂದು ಕೇಳಲು ನಾಚುತ್ತಾನೆ. ಅಂಥ ಹಬ್ಬ ನೋಡಿ ಬೆಳೆದ ಹುಡುಗಿ, ಕೇಳಿದವನಿಗೆ ಬಾಗಿಲು ತೋರಿಸುತ್ತಾಳೆ. ಬರುವ ಪಂಚಮಿಯಿಂದಲೇ ಶುರುಮಾಡೋಣ.