ಮುಂಗಡ ಕೊಡುವ ಓದುಗರು

ಪತ್ರಿಕೆಗಳಿಗೆ ಬೇಕಾದ ಕಾಗದ ಒಂದು ಕಾಲಕ್ಕೆ ನಮ್ಮ ಶಿವಮೊಗ್ಗದ ಪಕ್ಕದಲ್ಲೇ, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ (ಎಂಪಿಎಂ) ತಯಾರಾಗುತ್ತಿತ್ತು. ಆದರೆ ಕಾಗದ ಇದ್ದ ಮಾತ್ರಕ್ಕೆ ಎಲ್ಲರ ಮಾತೂ ಅಚ್ಚಾಗುವುದಿಲ್ಲ.

ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ ಶಿವಮೊಗ್ಗದ ಶಾಲೆಯೊಂದು ಎಂಟು ವರ್ಷದ ಹುಡುಗಿಯನ್ನು ಸೇರಿಸಿಕೊಂಡಿತು. ಕೆಲವೇ ದಿನಗಳಲ್ಲಿ ಅವಳು ಬರೆಯತೊಡಗಿದಳು. ಅವರೇ ಬಾನು ಮುಷ್ತಾಕ್. ಮುಂದೆ ಅವರು ವರದಿಗಾರ್ತಿಯಾದದ್ದು ‘ಲಂಕೇಶ್ ಪತ್ರಿಕೆ’ಗೆ. ನಮ್ಮದೇ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ಆ ವಾರಪತ್ರಿಕೆ ಜಾಹೀರಾತಿನ ಹಂಗಿಲ್ಲದೆ, ಓದುಗರು ಕೊಟ್ಟ ಹಣದಿಂದ ನಡೆಯಿತು. ಕಾಸರಗೋಡಿನ ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಧಾರಾವಾಹಿಯಾಗಿ ಬಂದದ್ದೂ ಅದರಲ್ಲೇ. ಮುಸ್ಲಿಂ ಹೆಣ್ಣುಮಕ್ಕಳ ಮನೆಯೊಳಗಿನ ಸಂಕಟವನ್ನು ಕನ್ನಡಿಗರು ಅವರದೇ ಮಾತಿನಲ್ಲಿ ಓದಿದರು. ಇದು ಸಣ್ಣ ಸಂಗತಿಯಲ್ಲ.

2025ರಲ್ಲಿ ಬಾನು ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಪ್ರಕಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನ ಪುಟ್ಟ ಪ್ರಕಾಶನ, ಆ್ಯಂಡ್ ಅದರ್ ಸ್ಟೋರೀಸ್. ಅದಕ್ಕೆ ಚಂದಾದಾರರ ಮುಂಗಡ ಹಣದ ಆಸರೆಯಿದೆ. ಪುಸ್ತಕದ ಕೊನೆಯಲ್ಲಿ ಅವರ ಹೆಸರುಗಳೂ ಅಚ್ಚಾಗುತ್ತವೆ.

ಪ್ರಶಸ್ತಿ ಬಂದ ಮೇಲೆ ಪುಸ್ತಕ ಕೊಳ್ಳುವುದು ಸುಲಭ. ಯಾರೂ ಹೆಸರು ಕೇಳಿರದ ಲೇಖಕಿಯ ಮೊದಲ ಪುಸ್ತಕಕ್ಕೆ, ಅದು ಅಚ್ಚಿಗೆ ಹೋಗುವ ಮೊದಲೇ ಹಣ ಕೊಡುವವರು ಬೇಕು. ಈ ತಿಂಗಳ ಸಂಬಳದಲ್ಲಿ ಸಣ್ಣ ಪ್ರಕಾಶಕರೊಬ್ಬರ ಒಂದು ಪುಸ್ತಕ ಕೊಳ್ಳಿ. ಗೌರವಪ್ರತಿ ಕೇಳಬೇಡಿ.