ಹುಲ್ಲಿಗೂ ಒಂದು ಸರದಿ

ಕಾಡು ಉಳಿಸಿ ಎಂದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಹುಲ್ಲು ಉಳಿಸಿ ಎಂದವನನ್ನು ಜನ ಅಡಿಯಿಂದ ಮುಡಿವರೆಗೆ ನೋಡುತ್ತಾರೆ. ನಾನು ಆ ಎರಡನೆಯ ಜಾತಿಯವನು.

ಚಳ್ಳಕೆರೆ, ಕಡೂರು, ಅಜ್ಜಂಪುರದ ಕಡೆ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಿವೆ. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆಯಲು ಎತ್ತು ಬೇಕಿತ್ತು, ಎತ್ತಿಗೆ ಮೇವು ಬೇಕಿತ್ತು. ಹಾಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ಮಂದೆ ಮುಂದಿನ ಕಾವಲಿಗೆ ಹೊರಟರೆ, ಹಿಂದೆ ಉಳಿದ ಹುಲ್ಲು ತೆನೆ ಬಿಟ್ಟು ಬೀಜ ಉದುರಿಸಿಕೊಳ್ಳುತ್ತಿತ್ತು. ದಂಡಿಗಾಗಿ ಮಾಡಿದ ಏರ್ಪಾಡು ಹಕ್ಕಿಗೂ ಒದಗಿಬಂತು.

ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವಗಳನ್ನೇ ನೋಡಿ. ಗಿಡುಗನ ಜಾತಿಯ ಈ ಹಕ್ಕಿಗಳು ಹಗಲೆಲ್ಲ ಮಿಡತೆ ಹಿಡಿದು, ಹೊತ್ತು ಮುಳುಗುವಾಗ ಹುಲ್ಲಿನ ತುದಿ ಸವರುವಷ್ಟು ತಗ್ಗಿನಲ್ಲಿ ಸುತ್ತು ಹಾಕಿ, ಥಟ್ಟನೆ ಇಳಿದು ಕಾಣೆಯಾಗುತ್ತವೆ. ಕೊಂಬೆ ಬೇಡ, ಗೂಡು ಬೇಡ. ಕರಡದ ಬುಡದಲ್ಲೇ ನಿದ್ದೆ. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಬರಿ ನೆಲದ ಮೇಲೆಯೇ ಮೊಟ್ಟೆ ಇಡುವುದು, ಅದೂ ಸಾಮಾನ್ಯವಾಗಿ ಒಂದೇ ಒಂದು.

ಇಂಥ ನೆಲಕ್ಕೆ ಸರ್ಕಾರಿ ಕಡತದಲ್ಲಿ ಬಂಜರು ಎಂದು ಹೆಸರು. ಬಂಜರು ಎಂದ ಮೇಲೆ ಏನಾದರೂ ಮಾಡಲೇಬೇಕಲ್ಲ! ರಾಣೆಬೆನ್ನೂರಿನಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ ಅಭಯಾರಣ್ಯವಾದರೂ ತೋಪು ತೋಪಾಗಿಯೇ ಉಳಿಯಿತು; ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತ ಹೋಯಿತು. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕುರಿಗಳೂ ಇವೆ, ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ ಎತ್ತುಗಳೂ ಇವೆ, ಹುಲ್ಲುಗಾವಲು ಮಾತ್ರ ಕಿರಿದಾಗಿದೆ.

ಹಾಗಾದರೆ ಉಳಿದದ್ದಕ್ಕೆ ಬೇಲಿ ಹಾಕೋಣವೇ? ಇಲ್ಲಿ ನಮ್ಮ ಪಕ್ಷಿಪ್ರೇಮಿಗಳೊಡನೆ ನನಗೆ ಜಗಳವಿದೆ. ಮಳೆ ಬಿದ್ದು ಹೊಲ ಬಿತ್ತಿದರೆ ಕುರಿ ಕಾಲಿಡಲು ಜಾಗವಿಲ್ಲ, ಕೊಯ್ಲಿನವರೆಗೂ ಕಾವಲೇ ಗತಿ. ಬುರ್ಲಿ, ನೆಲಗುಬ್ಬಿಗಳು ಮರಿ ಮಾಡುವುದೂ, ಹುಲ್ಲು ಬೀಜ ಕಟ್ಟುವುದೂ ಆ ತಿಂಗಳುಗಳಲ್ಲೇ. ಪೂರ್ತಿ ಮುಚ್ಚಿದರೆ ಕುರುಬನ ಹೊಟ್ಟೆಗೆ ಹೊಡೆತ, ಪೂರ್ತಿ ಬಿಟ್ಟರೆ ಮೊಟ್ಟೆ ಗೊರಸಿನಡಿ. ಕಾವಲನ್ನು ಭಾಗ ಮಾಡಿ, ವರ್ಷಕ್ಕೊಂದು ಭಾಗಕ್ಕೆ ಮಳೆಗಾಲ ಮುಗಿಯುವವರೆಗೆ ಬಿಡುವು ಕೊಟ್ಟು, ಬೀಜ ಉದುರಿದ ಮೇಲೆ ಮೇಯಲು ಬಿಟ್ಟರೆ ಇಬ್ಬರಿಗೂ ದಕ್ಕುತ್ತದೆ. ಮುಚ್ಚಿದ ಭಾಗದಲ್ಲಿ ಹುಲ್ಲಿನ ಜಾಗ ಕಬಳಿಸುವ ಬಳ್ಳಾರಿ ಜಾಲಿಯನ್ನು ಸಸಿಯಿರುವಾಗಲೇ ಬೇರುಸಮೇತ ಕೀಳಬೇಕು. ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ.

ಈ ವರ್ಷ ಯಾವ ಭಾಗ ಎಂಬುದನ್ನು ಯುಗಾದಿಯ ಹೊತ್ತಿಗೇ ಕುರಿಗಾಹಿಗಳೂ ದೇವರ ಎತ್ತು ಕಾಯುವ ಕಿಲಾರಿಗಳೂ ಹಟ್ಟಿಯಲ್ಲಿ ಕೂತು ಗೊತ್ತು ಮಾಡಲಿ. ಅರಣ್ಯ ಇಲಾಖೆಯವರು ಅಲ್ಲಿಗೇ ಹೋಗಲಿ, ಹಟ್ಟಿಯವರನ್ನು ಕಚೇರಿಗೆ ಕರೆಸಿಕೊಳ್ಳುವುದು ಬೇಡ.