ಹನ್ನೆರಡು ಚಿತ್ರಗಳ ಸುರುಳಿ

ದಸರೆಯ ಜಂಬೂಸವಾರಿಯನ್ನು ಸೆರೆಹಿಡಿಯಲು ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ರೋಲಿಫ್ಲೆಕ್ಸ್ ಹಿಡಿದು ನಿಂತ ಅಂದಿನ ಛಾಯಾಗ್ರಾಹಕನ ಬಳಿ ಒಂದು ಸುರುಳಿಗೆ ಇದ್ದುದು ಹನ್ನೆರಡೇ ಚಿತ್ರಗಳ ಅವಕಾಶ. ನಿಶಾನೆ ಆನೆ, ಅಶ್ವದಳ, ಸ್ತಬ್ಧಚಿತ್ರಗಳೆಂದು ಕೈಬಿಚ್ಚಿ ಕ್ಲಿಕ್ಕಿಸಿದರೆ ಅಂಬಾರಿ ಬರುವ ಹೊತ್ತಿಗೆ ಸುರುಳಿ ಮುಗಿದಿರುತ್ತಿತ್ತು. ಹೊಸದನ್ನು ತೊಡಿಸುವವರೆಗೆ ಆನೆ ಕಾಯುತ್ತದೆಯೇ?

1901ರಲ್ಲಿ ಕೊಡಕ್ ಸಂಸ್ಥೆ ಹೊರತಂದ ಈ ನೂರಿಪ್ಪತ್ತನೆಯ ನಂಬರಿನ ಸುರುಳಿಗೆ ಲೋಹದ ಡಬ್ಬಿಯ ರಕ್ಷಣೆಯಿಲ್ಲ. ಫಿಲ್ಮಿನ ಬೆನ್ನಿಗೆ ಒಂದು ಕಪ್ಪು ಕಾಗದ, ಅಷ್ಟೆ. ಕಾಗದವು ಫಿಲ್ಮಿಗಿಂತ ಎರಡೂ ತುದಿಗಳಲ್ಲಿ ಬಹಳ ಉದ್ದ. ಬಿಗಿಯಾಗಿ ಸುತ್ತಿದ ಆ ಹೆಚ್ಚುವರಿ ಕಾಗದವೇ ಅದರ ಕತ್ತಲಕೋಣೆ. ಫಿಲ್ಮನ್ನು ಕಾಗದಕ್ಕೆ ಅಂಟಿಸಿರುವುದು ಒಂದೇ ತುದಿಯಲ್ಲಿ. ಎರಡೂ ಕಡೆ ಅಂಟಿಸಿದ್ದರೆ ಸುತ್ತುವಾಗ ಫಿಲ್ಮು ಉಬ್ಬಿ ಸುಕ್ಕಾಗುತ್ತಿತ್ತು.

ತೊಡಿಸುವ ಕೆಲಸಕ್ಕೆ ನೆರಳು ಬೇಕು. ಮರವಿಲ್ಲದಿದ್ದರೆ ಬಿಸಿಲಿಗೆ ಬೆನ್ನು ಮಾಡಿ ತನ್ನ ಮೈಯ ನೆರಳಿನಲ್ಲೇ ಮಾಡಬೇಕು. ಹಿಂದಿನ ಸುರುಳಿ ಬಿಚ್ಚಿಕೊಂಡು ಬರಿದಾದ ಸ್ಪೂಲನ್ನು ಎದುರಿನ ಜಾಗಕ್ಕೆ ಸರಿಸಿ, ಹೊಸದರ ಅಂಟುಪಟ್ಟಿ ಹರಿದು, ಹೆಬ್ಬೆರಳನ್ನು ಸುರುಳಿಯ ಮೇಲಿನಿಂದ ಎತ್ತದೆ ಕಾಗದದ ನಾಲಗೆಯನ್ನು ಸ್ಪೂಲಿನ ಸೀಳಿಗೆ ತೂರಿಸಬೇಕು. ಅದು ನೇರವಾಗಿ ಕೂರುವುದೇ ಇಲ್ಲಿನ ಮುಖ್ಯ ವಿದ್ಯೆ. ಕೂದಲೆಳೆಯಷ್ಟು ಓರೆಯಾದರೂ ಸುತ್ತು ಸಡಿಲಗೊಂಡು ಅಂಚಿನಿಂದ ಬೆಳಕು ನುಸುಳುತ್ತದೆ. ಬಳಿಕ ಕಾಗದದ ಮೇಲಿನ ಬಾಣ ಕ್ಯಾಮರಾದ ಗುರುತಿಗೆ ಬರುವವರೆಗೆ ತಿರುಗಿಸಿ ಬಾಗಿಲು ಮುಚ್ಚುವುದು. 1937ರ ರೋಲಿಫ್ಲೆಕ್ಸ್ ಆಟೋಮ್ಯಾಟ್‌ನಲ್ಲಂತೂ ಬಾಣವನ್ನೂ ನೋಡಬೇಕಿಲ್ಲ. ಎರಡು ಉರುಳೆಗಳ ನಡುವೆ ಕಾಗದ ಹಾಯಿಸಿದರೆ, ಫಿಲ್ಮು ಬಂದಾಗ ಹೆಚ್ಚುವ ದಪ್ಪವನ್ನು ಯಂತ್ರವೇ ಮುಟ್ಟಿ ತಿಳಿಯುತ್ತದೆ. ಜರ್ಮನರ ಜಾಣ್ಮೆಗೆ ತಲೆದೂಗಲೇಬೇಕು.

ನಮ್ಮ ಮಧ್ಯಮವರ್ಗದ ಮನೆಗಳ ಆಗ್ಫಾ ಕ್ಲಿಕ್‌ಗೆ ಆ ಭಾಗ್ಯವಿರಲಿಲ್ಲ. ಬೆನ್ನಿನ ಕೆಂಪು ಕಿಟಕಿಯಲ್ಲಿ ಕಣ್ಣಿಟ್ಟು, ಕಾಗದದ ಮೇಲೆ ಅಚ್ಚಾದ ಒಂದು ಎಂಬ ಅಂಕಿ ಮೂಡುವವರೆಗೆ ತಿರುಗಿಸಬೇಕು. ಕಿಟಕಿ ಕೆಂಪಾಗಿರಲು ಕಾರಣವುಂಟು: ಹಳೆಯ ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಎಲ್ಲ ಬಣ್ಣವನ್ನೂ ಕಾಣುವ ಫಿಲ್ಮುಗಳು ಬಂದ ಮೇಲೆ ಅಲ್ಲಿಯೂ ನೆರಳೇ ಗತಿಯಾಯಿತು.

ಸುರುಳಿ ಮುಗಿದ ಮೇಲೂ ಎಚ್ಚರ ತಪ್ಪುವಂತಿಲ್ಲ. ಪೂರ್ತಿ ಸುತ್ತಿ, ಸಡಿಲಗೊಳಿಸದೆ ಹೊರತೆಗೆದು, ತುದಿಯ ಗೋಂದನ್ನು ನಾಲಗೆಯಿಂದ ಒದ್ದೆಮಾಡಿ ಅಂಟಿಸಬೇಕು. ತಪ್ಪಾಗಿದೆಯೆಂಬುದು ತಿಳಿಯುವುದು ಫಿಲ್ಮನ್ನು ತೊಳೆದ ನಂತರವೇ. ಮದುವೆಯಾದರೆ, ಚಿತ್ರಕ್ಕಾಗಿ ಮುಹೂರ್ತವನ್ನು ಎರಡನೆಯ ಸಲ ಇಡಲು ಯಾವ ಪುರೋಹಿತರೂ ಒಪ್ಪುವುದಿಲ್ಲ.

ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟವೇರಿದರೆ ಸಿಗುವ ಉದಕಮಂಡಲದಲ್ಲಿ, 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು ತಯಾರಿಸುತ್ತಿತ್ತು. ಬೆಳ್ಳಿಯ ಲವಣ ಲೇಪಿಸಿದ ಪಟ್ಟಿಗೆ ಚಂದ್ರನ ಹೆಸರಿಟ್ಟವರು ರಸಿಕರೇ ಇರಬೇಕು. ಆ ಕಾರ್ಖಾನೆ ಈಗ ಮುಚ್ಚಿದೆ. ಹೊರದೇಶದ ಸುರುಳಿಗಳು ದುಬಾರಿ ಬೆಲೆಗಾದರೂ ಸಿಗುತ್ತವೆ. ಅಟ್ಟದಿಂದ ಅಜ್ಜನ ಕ್ಯಾಮರಾ ಇಳಿಸುವವರು ಮೊದಲು ಅದರ ಬಾಗಿಲು ತೆರೆದು ಒಳಗೊಂದು ಬರಿಯ ಸ್ಪೂಲು ಇದೆಯೇ ಎಂದು ನೋಡಿಕೊಳ್ಳಬೇಕು. ಅದಿಲ್ಲದಿದ್ದರೆ ಹೊಸ ಸುರುಳಿ ಸುತ್ತಿಕೊಳ್ಳಲು ಜಾಗವಿಲ್ಲ.